ಗಾರ್ಮೆಂಟ್ಸ್ ಕೆಲಸ ವರ್ಷದಿಂದ ವರ್ಷಕ್ಕೆ ಎಷ್ಟು ಬಿಗಿಯಾಗಿದೆ, ಅಳೆಯುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ರಾಮನಗರದ ಕಡೆಯಿಂದ ಗಾರ್ಮೆಂಟ್ಸ್‌ಗೆ ಹೋಗುವ 60 ಹೆಂಗಸರನ್ನು ಮಾತಾಡಿಸಬೇಕು, ಕಳೆದ ಕೆಲವು ವರ್ಷಗಳಲ್ಲಿ ಅವರ ಕೆಲಸದ ಹೊರೆ ಎಷ್ಟು ಏರಿದೆ ಅಂತ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಪ್ರಾಜೆಕ್ಟ್ ಮಾಡಬೇಕು, ರೆಡಿ ಪ್ರಶ್ನಾವಳಿ ಇದ್ದರೆ ಹೇಳಿ, ಕನ್ನಡಕ್ಕೆ ಮಾಡಿಕೊಳ್ಳುತ್ತೇನೆ ಅಂತ ಕೇಳಿದ್ದೀರಿ.

ಪ್ರಶ್ನಾವಳಿ ಇದೆ. ಆದರೆ ಅದನ್ನು ಹಾಗೇ ಕನ್ನಡಕ್ಕೆ ತಂದು ಹಂಚಿಬಿಟ್ಟರೆ 60 ತುಂಬಿದ ಫಾರಂ ಕೈಗೆ ಬರುತ್ತದೆ, ನೀವು ಹುಡುಕುತ್ತಿರುವುದು ಸಿಗುವುದಿಲ್ಲ. ನಾನು ಆರು ವರ್ಷ ಬೆಂಗಳೂರಿನ ಒಂದು ಗಾರ್ಮೆಂಟ್ ಫ್ಯಾಕ್ಟರಿಯ ಐಇ, ಅಂದರೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಡಿಪಾರ್ಟ್‌ಮೆಂಟಿನಲ್ಲಿದ್ದೆ. ಸ್ಟಾಪ್‌ವಾಚ್ ಹಿಡಿದು ಟೈಲರ್ ಹಿಂದೆ ನಿಂತು, ಒಂದು ಪೀಸ್‌ಗೆ ಎಷ್ಟು ಸೆಕೆಂಡ್ ಹಿಡಿಯುತ್ತದೆ ಅಂತ ಬರೆದುಕೊಳ್ಳುವ ಕೆಲಸ. ಆಮೇಲೆ ಅದನ್ನು ಬಿಟ್ಟು ಕಾರ್ಮಿಕರ ಸರ್ವೆ ಮಾಡುವ ಕೆಲಸಕ್ಕೆ ಬಂದೆ. ಹಾಗಾಗಿ ಈ ವಿಷಯ ನನಗೆ ತುಂಬಾ ಹತ್ತಿರದ್ದು, ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ. ಹೊರೆ ಎಷ್ಟಿದೆ ಅನ್ನುವುದು ಒಂದು ಪ್ರಶ್ನೆ. ಹೊರೆ ಎಷ್ಟು ಏರಿದೆ ಅನ್ನುವುದು ಇನ್ನೊಂದು. ಹಳೆಯ ಪ್ರಶ್ನಾವಳಿಗಳು ಹೆಚ್ಚಾಗಿ ಮೊದಲನೆಯದನ್ನೇ ಕೇಳುತ್ತವೆ. 1979ರಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ ಒಂದು ಮಾದರಿ ಮುಂದಿಟ್ಟರು: ಕೆಲಸ ಎಷ್ಟು ಹಿಂಡುತ್ತದೆ, ಅದನ್ನು ಹೇಗೆ ಮಾಡಬೇಕು ಅನ್ನುವುದು ಕೆಲಸಗಾರರ ಕೈಯಲ್ಲಿ ಎಷ್ಟಿದೆ, ಈ ಎರಡನ್ನೂ ಒಟ್ಟಿಗೆ ನೋಡಬೇಕು ಅಂತ. ಹಿಂಡುವುದು ಜಾಸ್ತಿ, ಕೈಯಲ್ಲಿರುವುದು ಕಡಿಮೆ ಅಂದರೆ ಅಲ್ಲೇ ಆರೋಗ್ಯ ಕೆಡುತ್ತದೆ. ಹೊಲಿಗೆ ಲೈನ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇದರಿಂದ ಸಿಗುವುದು ಇವತ್ತಿನ ಫೋಟೋ ಮಾತ್ರ. ಹತ್ತು ವರ್ಷದ ಹಿಂದೆ ಇದೇ ಮಹಿಳೆ ಇದೇ ಮೆಷಿನ್ ಮೇಲೆ ಹೇಗಿದ್ದಳು ಅಂತ ತಿಳಿಯುವುದಿಲ್ಲ.

ಏರಿಕೆಯನ್ನೇ ನೇರವಾಗಿ ಕೇಳುವ ಪ್ರಶ್ನಾವಳಿ 2015ರಲ್ಲಿ ಬಂತು. ವಿಯೆನ್ನಾದ ಸಂಶೋಧಕರಾದ ಬೆಟ್ಟಿನಾ ಕುಬಿಚೆಕ್, ಮಾತೆಯಾ ಪಾಷ್ಕ್ವಾನ್, ಕ್ರಿಶ್ಚಿಯನ್ ಕೊರುಂಕಾ ಮಾಡಿದ್ದು, ಹೆಸರು ಇಂಟೆನ್ಸಿಫಿಕೇಷನ್ ಆಫ್ ಜಾಬ್ ಡಿಮಾಂಡ್ಸ್ ಸ್ಕೇಲ್, ಚಿಕ್ಕದಾಗಿ ಐಡಿಎಸ್ ಅನ್ನುತ್ತಾರೆ. ಇಡೀ ಸಮಾಜದ ವೇಗವೇ ಏರುತ್ತಿದೆ ಅಂತ ಜರ್ಮನಿಯ ಸಮಾಜಶಾಸ್ತ್ರಜ್ಞ ಹಾರ್ಟ್‌ಮುಟ್ ರೋಸಾ ಹೇಳಿದ್ದರಲ್ಲ, ಆ ಯೋಚನೆಯ ಮೇಲೆ ಕಟ್ಟಿದ್ದು. ಒಟ್ಟು 19 ಪ್ರಶ್ನೆ, ಐದು ಗುಂಪು. ಒಂದು ಗುಂಪು ಕೆಲಸದ ಬಿರುಸಿನ ಬಗ್ಗೆ: ಕಡಿಮೆ ಜನ ಜಾಸ್ತಿ ಕೆಲಸ ಮಾಡಬೇಕಾಗಿದೆಯಾ, ಬಿಡುವು ಸಿಗುವುದು ಕಡಿಮೆಯಾಗಿದೆಯಾ, ಒಟ್ಟೊಟ್ಟಿಗೆ ಎರಡು ಮೂರು ಕೆಲಸ ನೋಡಬೇಕಾಗಿದೆಯಾ, ಹೀಗೆ. ಇನ್ನೊಂದು, ಕೆಲಸವನ್ನು ನಾವೇ ಯೋಜಿಸಿ ನಾವೇ ತೀರ್ಮಾನ ಮಾಡಬೇಕಾದ ಹೊರೆ. ಮೂರನೆಯದು ನೌಕರಿ ಉಳಿಸಿಕೊಳ್ಳುವುದಕ್ಕೆ, ಬೆಳೆಸಿಕೊಳ್ಳುವುದಕ್ಕೆ ನಾವೇ ದಾರಿ ಹುಡುಕಬೇಕಾದ ಹೊರೆ. ಉಳಿದ ಎರಡು ಕಲಿಯುವುದಕ್ಕೆ ಸೇರಿದ್ದು, ಒಂದರಲ್ಲಿ ಹೊಸ ತಿಳಿವಳಿಕೆ, ಇನ್ನೊಂದರಲ್ಲಿ ಹೊಸ ಕೈಕೆಲಸ, ಹೊಸ ಸಾಫ್ಟ್‌ವೇರ್, ಹೊಸ ವಿಧಾನ. ಫಿನ್ಲೆಂಡಿನಲ್ಲೂ ಬೇರೆ ಬೇರೆ ವೃತ್ತಿಯವರ ಮೇಲೆ ಇದನ್ನು ಬಳಸಿದ್ದಾರೆ.

ಒಳ್ಳೆಯ ಪ್ರಶ್ನಾವಳಿ. ಬರೀ ವೇಗ ಒಂದನ್ನೇ ಹಿಡಿದು ಕೂರದೆ, ಹೊರೆ ಐದು ಬಾಗಿಲಿನಿಂದ ಬರಬಹುದು ಅಂತ ತೋರಿಸುತ್ತದೆ. ಆದರೆ ನಿಮ್ಮ 60 ಜನಕ್ಕೆ ಐದೂ ಬಾಗಿಲು ತೆರೆದಿವೆಯಾ? ಇಲ್ಲ ಅಂತ ನನ್ನ ಅನುಭವ. ಟೈಲರ್ ಯೋಜನೆ ಮಾಡುವುದಿಲ್ಲ. ಕತ್ತರಿಸಿದ ಬಟ್ಟೆಯ ಬಂಡಲ್ ಬರುತ್ತದೆ, ಕಾಲರ್ ಕೂರಿಸಬೇಕು, ಮುಂದಕ್ಕೆ ತಳ್ಳಬೇಕು. ಹಿಂದೆ ಸ್ವಲ್ಪವಾದರೂ ಇದ್ದ ಆಯ್ಕೆಯೂ ಈಗ ಹೋಗಿದೆ. ಅವಳಿಗೆ ತೀರ್ಮಾನದ ಪ್ರಶ್ನೆಗಳನ್ನು ಕೇಳಿದರೆ ಸೊನ್ನೆ ಬರುತ್ತದೆ, ಆ ಸೊನ್ನೆಗಳನ್ನು ಸೇರಿಸಿ ಸರಾಸರಿ ತೆಗೆದರೆ ಅವಳ ಹೊರೆ ಒಬ್ಬ ಆಫೀಸರ್ ಹೊರೆಗಿಂತ ಕಡಿಮೆ ಅಂತ ಕಾಣುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ಬೇಡ. ದಯವಿಟ್ಟು ಗುಂಪುಗಳನ್ನು ಸೇರಿಸಿ ಒಂದೇ ಅಂಕ ಮಾಡಬೇಡಿ. ಬೇರೆ ಬೇರೆಯಾಗಿಯೇ ಇಡಿ. ಇದೇ ಪ್ರಾಜೆಕ್ಟನ್ನು ಆಶಾ ಕಾರ್ಯಕರ್ತೆಯರ ಮೇಲೆ ಮಾಡಿದ್ದರೆ ಕಲಿಕೆಯ ಗುಂಪು ಮೇಲೆ ಬರುತ್ತಿತ್ತು. ಅವರಿಗೆ ಒಂದಾದ ಮೇಲೊಂದು ಸರ್ವೆ, ಮೊಬೈಲ್ ಆ್ಯಪ್, ಹೊಸ ನಮೂನೆಯ ದಾಖಲೆ. ಗಾರ್ಮೆಂಟ್ಸ್‌ನಲ್ಲಿ ಬಿರುಸೇ ಮುಖ್ಯ, ಕಲಿಕೆ ಸ್ವಲ್ಪ: ಸ್ಟೈಲ್ ಬೇಗ ಬೇಗ ಬದಲಾಗುತ್ತದೆ, ಒಬ್ಬಳೇ ಮೂರು ನಾಲ್ಕು ಆಪರೇಷನ್ (ಕಾಲರ್ ಕೂರಿಸುವುದು, ಪಾಕೆಟ್ ಹೊಲಿಯುವುದು, ಹೀಗೆ ಹೊಲಿಗೆಯ ಒಂದೊಂದು ಹಂತ) ಕಲಿತಿರಬೇಕು.

ಬಿರುಸು ಅಂದರೆ ಏನು ಅಂತ ಲೆಕ್ಕದಲ್ಲಿ ತೋರಿಸುತ್ತೇನೆ, ಇದನ್ನು ನಿಮ್ಮ ರಿಪೋರ್ಟ್‌ನಲ್ಲೂ ಹಾಕಬಹುದು. ಒಂದು ಆಪರೇಷನ್‌ಗೆ 40 ಸೆಕೆಂಡ್ ಅಂತಿಟ್ಟುಕೊಳ್ಳಿ. ಗಂಟೆಗೆ 90 ಪೀಸ್. ಟಾರ್ಗೆಟ್ ಅನ್ನು 100 ಮಾಡಿದರೆ ಒಂದು ಪೀಸ್‌ಗೆ 36 ಸೆಕೆಂಡ್. ಬರೀ ನಾಲ್ಕು ಸೆಕೆಂಡ್ ಕಡಿಮೆ, ಅಷ್ಟೇನಾ ಅನಿಸುತ್ತದೆ ಅಲ್ವಾ? ಎಂಟು ಗಂಟೆಗೆ 720 ಪೀಸ್ ಇದ್ದದ್ದು 800 ಆಯಿತು. ದಿನಕ್ಕೆ 80 ಪೀಸ್ ಜಾಸ್ತಿ, ಹಾಜರಿ ಪುಸ್ತಕದಲ್ಲಿ ಒಂದು ನಿಮಿಷವೂ ಜಾಸ್ತಿ ಇಲ್ಲ. ಜೊತೆಗೆ ಅದೇ ವರ್ಷ ಲೈನಿನಿಂದ ಹೆಲ್ಪರ್ ಒಬ್ಬಳನ್ನು ತೆಗೆದರೆ ದಾರ ಕತ್ತರಿಸುವುದು, ಬಂಡಲ್ ಬಿಚ್ಚುವುದು ಕೂಡ ಆ 36 ಸೆಕೆಂಡ್ ಒಳಗೇ ಬರುತ್ತದೆ. ನಮ್ಮ 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು, ಓವರ್‌ಟೈಮ್‌ಗೆ ಡಬಲ್ ಸಂಬಳ ಅಂತ ಗಂಟೆಗಳಿಗೆ ಮಿತಿ ಹಾಕಿತ್ತು. ಆ ಗಂಟೆಯೊಳಗೆ ಕೈ ಎಷ್ಟು ಸಲ ಆಡಬೇಕು ಅನ್ನುವುದಕ್ಕೆ ಮಿತಿ ಹಾಕಲಿಲ್ಲ. ಏರಿಕೆ ಎಲ್ಲ ಆಗುವುದು ಅಲ್ಲೇ.

ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಪಾಕೆಟ್ ಹೊಲಿಯುವ ಒಬ್ಬರ ಸಮಯ ತೆಗೆದೆ. ನಾನು ಹಿಂದೆ ನಿಂತಿದ್ದಕ್ಕೆ ಭಯಕ್ಕೋ ಮರ್ಯಾದೆಗೋ ಅವರು ತಲೆ ಎತ್ತದೆ ಹೊಲಿದರು. ಆ ಸಮಯವೇ ಮುಂದೆ ಇಡೀ ಲೈನಿನ ಟಾರ್ಗೆಟ್ ಆಯಿತು. ಎರಡು ವಾರ ಬಿಟ್ಟು ಅವರೇ ನನ್ನ ಹತ್ತಿರ ಬಂದು, ಸರ್, ಅವತ್ತು ನಾನು ನೀರು ಕುಡಿದಿರಲಿಲ್ಲ, ಅದನ್ನು ಬರೆದುಕೊಂಡ್ರಾ ಅಂತ ಕೇಳಿದರು. ನಾನು ಬರೆದುಕೊಂಡಿರಲಿಲ್ಲ. ಆಯಾಸಕ್ಕೆ, ಬಾತ್‌ರೂಮಿಗೆ ಅಂತ ಶೇಕಡಾವಾರು ಸೇರಿಸುವ ಪದ್ಧತಿ ಇದೆ, ಸೇರಿಸಿಯೂ ಇದ್ದೆ. ಆದರೆ ಒಬ್ಬ ಮನುಷ್ಯೆ ನೀರು ಬಿಟ್ಟು ಕೊಟ್ಟ ವೇಗವನ್ನು ನಾನು ಅವಳ ಸಹಜ ವೇಗ ಅಂತ ಬರೆದಿದ್ದೆ. ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನೀರಿನ ಪ್ರಶ್ನೆಯನ್ನು ನಿಮ್ಮ ಪಟ್ಟಿಗೆ ಖಂಡಿತ ಸೇರಿಸಿ: ಶಿಫ್ಟ್‌ನಲ್ಲಿ ಎಷ್ಟು ಸಲ ನೀರು ಕುಡಿಯುತ್ತೀರಿ, ಮೊದಲು ಎಷ್ಟು ಸಲ ಕುಡಿಯುತ್ತಿದ್ದಿರಿ. ಯಾವ ವಿದೇಶಿ ಪ್ರಶ್ನಾವಳಿಗಿಂತಲೂ ಜಾಸ್ತಿ ವಿಷಯ ಇದರಿಂದ ಹೊರಬರುತ್ತದೆ.

ಇನ್ನು ಕನ್ನಡಕ್ಕೆ ಮಾಡುವ ವಿಷಯ. "ಪೂರ್ತಿ ಒಪ್ಪುತ್ತೇನೆ, ಸ್ವಲ್ಪ ಒಪ್ಪುತ್ತೇನೆ, ಒಪ್ಪುವುದಿಲ್ಲ" ಅಂತ ಐದು ಮೆಟ್ಟಿಲು ಕೊಟ್ಟರೆ ನಮ್ಮ ಹೆಂಗಸರು ಎಲ್ಲದಕ್ಕೂ "ಹೂಂ ಮೇಡಂ" ಅನ್ನುತ್ತಾರೆ. ಅದು ಒಪ್ಪಿಗೆಯಾಗಿರುವುದಿಲ್ಲ, ಬಂದವರಿಗೆ ಬೇಜಾರಾಗಬಾರದು ಅನ್ನುವ ಮರ್ಯಾದೆ. ನಾನು ಹುಣಸೆ ಬೀಜ ಬಳಸುತ್ತಿದ್ದೆ. ಇಪ್ಪತ್ತು ಬೀಜ ಕೈಗೆ ಕೊಟ್ಟು, "ಮೈ ಕೈ ಪೂರ್ತಿ ಸೋತುಹೋಗುವಷ್ಟು ಕೆಲಸ ಅಂದರೆ ಹತ್ತು. ಮೊದಲು ಎಷ್ಟಿತ್ತು? ಇಲ್ಲಿಡಿ. ಈಗ ಎಷ್ಟಿದೆ? ಅಲ್ಲಿಡಿ" ಅನ್ನುತ್ತಿದ್ದೆ. ಕೈಯಲ್ಲಿ ಬೀಜ ಇದ್ದರೆ ಯೋಚನೆ ಮಾಡುತ್ತಾರೆ, ಇಟ್ಟದ್ದನ್ನು ತೆಗೆದು ಇನ್ನೊಂದು ಇಡುತ್ತಾರೆ, ಅಷ್ಟರಲ್ಲಿ ಯಾಕೆ ಅಂತಲೂ ಹೇಳುತ್ತಾರೆ. ಆ ಯಾಕೆ ಅನ್ನುವುದನ್ನು ಪಕ್ಕದಲ್ಲಿ ಅವರದೇ ಮಾತಿನಲ್ಲಿ ಬರೆದುಕೊಳ್ಳಿ. "ಒತ್ತಡ" ಅನ್ನುವ ಪದ ಬಿಡಿ, ಅದು ಪೇಪರಿನ ಪದ. "ಟಾರ್ಗೆಟ್ ಕಾಟ", "ಪ್ರೊಡಕ್ಷನ್ ಕೇಳ್ತಾರೆ", "ಉಸಿರಾಡಕ್ಕೆ ಬಿಡಲ್ಲ", ಅವರು ಹೇಳುವುದು ಇದು. ಪ್ರಶ್ನೆ ಆ ಮಾತಿನಲ್ಲೇ ಇರಲಿ.

"ಮೊದಲು" ಅಂದರೆ ಯಾವಾಗ? ಇದು ದೊಡ್ಡ ತೊಡಕು. ಐದು ವರ್ಷದ ಹಿಂದೆ ಅಂತ ಕೇಳಿದರೆ ಒಬ್ಬರು ಮೂರು ವರ್ಷದ ಹಿಂದಿನದನ್ನು ಹೇಳುತ್ತಾರೆ, ಇನ್ನೊಬ್ಬರು ಮದುವೆಗೆ ಮುಂಚಿನದನ್ನು. ಎಲ್ಲರಿಗೂ ಗೊತ್ತಿರುವ ಒಂದು ಗುರುತು ಕೊಡಿ. ಲಾಕ್‌ಡೌನ್‌ಗೆ ಮುಂಚೆ, ಅಂದರೆ 2020ರ ಮಾರ್ಚ್‌ಗೆ ಮುಂಚೆ ಅನ್ನುವುದು ಸುಲಭ. ಅದಕ್ಕಿಂತ ಹಳಬರಿದ್ದರೆ 2016ರ ಏಪ್ರಿಲ್‌ನ ಪಿಎಫ್ ಗಲಾಟೆ. ಪಿಎಫ್ ಹಣ ತೆಗೆಯುವುದಕ್ಕೆ ಕೇಂದ್ರ ತಂದಿದ್ದ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಂಗಸರು ಎರಡು ದಿನ ಬೆಂಗಳೂರಿನ ರಸ್ತೆಗೆ ಇಳಿದಿದ್ದರು, ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಅದನ್ನು ಯಾರೂ ಮರೆತಿಲ್ಲ. "ಪಿಎಫ್ ಗಲಾಟೆ ಟೈಮಲ್ಲಿ ನೀವು ಯಾವ ಆಪರೇಷನ್ ಮಾಡ್ತಿದ್ರಿ, ಗಂಟೆಗೆ ಎಷ್ಟು ಕೇಳ್ತಿದ್ರು?" ಅಂದರೆ ಅಂಕಿಯೇ ಬರುತ್ತದೆ. ಟೈಲರ್‌ಗಳು ತಮ್ಮ ಟಾರ್ಗೆಟ್ ಮರೆಯುವುದಿಲ್ಲ, ನಾವು ಫೋನ್ ನಂಬರ್ ನೆನಪಿಟ್ಟ ಹಾಗೆ ನೆನಪಿಟ್ಟಿರುತ್ತಾರೆ.

ಆದರೂ ನೆನಪು ನೆನಪೇ. ಇವತ್ತು ಬೈಸಿಕೊಂಡು ಬಂದವರಿಗೆ ಹಿಂದಿನದೆಲ್ಲ ಚೆನ್ನಾಗಿ ಕಾಣುತ್ತದೆ. ಇದಕ್ಕೆ ಉಲ್ಟಾ ಆಗುವುದೂ ಇದೆ, ಅದು ಇನ್ನೂ ಮೋಸದ್ದು: ಹೊರೆ ನಿಜಕ್ಕೂ ಏರಿದೆ, ಆದರೆ ಮೈಗೆ ರೂಢಿಯಾಗಿ "ಅಷ್ಟೇ ಇದೆ ಬಿಡಿ" ಅನ್ನುತ್ತಾರೆ. ಹಾಗಾಗಿ ಅನಿಸಿಕೆಯ ಜೊತೆಗೆ ಎಣಿಸಬಹುದಾದದ್ದನ್ನೂ ಕೇಳಿ. ಗಂಟೆಗೆ ಎಷ್ಟು ಪೀಸ್, ಲೈನಿನಲ್ಲಿ ಎಷ್ಟು ಮೆಷಿನ್, ಎಷ್ಟು ಹೆಲ್ಪರ್, ಊಟಕ್ಕೆ ನಿಜವಾಗಿ ಎಷ್ಟು ನಿಮಿಷ, ಆಲ್ಟ್ರೇಷನ್‌ಗೆ ವಾಪಸ್ ಬಂದ ಪೀಸನ್ನು ಯಾವ ಹೊತ್ತಿನಲ್ಲಿ ಮಾಡುತ್ತಾರೆ. ಯುರೋಪಿನಲ್ಲಿ 1990ರ ದಶಕದ ಆರಂಭದಿಂದ ಕೆಲವು ವರ್ಷಕ್ಕೊಮ್ಮೆ ಸರ್ವೆ ಮಾಡಿ, ತುಂಬಾ ವೇಗವಾಗಿ ಕೆಲಸ ಮಾಡಬೇಕಾಗುತ್ತದೆಯಾ, ಗಡುವು ಬಿಗಿಯಾಗಿದೆಯಾ ಅಂತ ಕೇಳುತ್ತಾ ಬಂದಿದ್ದಾರೆ. ಹಾಗೆ ಮಾಡಿದರೆ ನೆನಪನ್ನು ನಂಬುವ ಕಷ್ಟ ಇಲ್ಲ, ಆ ವರ್ಷದ ಉತ್ತರ ಆ ವರ್ಷವೇ ಸಿಕ್ಕಿರುತ್ತದೆ. ನಿಮಗೆ ಅಷ್ಟು ಸಮಯ ಇಲ್ಲ ಅಂತ ಗೊತ್ತು. ಆರು ತಿಂಗಳು ಬಿಟ್ಟು ಅದೇ ಜನರಲ್ಲಿ ಇಪ್ಪತ್ತು ಮಂದಿಯನ್ನಾದರೂ ಮತ್ತೆ ಕೇಳಲು ಆದರೆ ಕೇಳಿ.

ಬಹಳ ಜನ ಮರೆಯುವುದು ಇನ್ನೊಂದಿದೆ. ನೀವು ಮಾತಾಡಿಸುತ್ತಿರುವುದು ಉಳಿದವರನ್ನು. ತಾಳಲಾರದವರು ಈಗಾಗಲೇ ಬಿಟ್ಟು ಹೋಗಿದ್ದಾರೆ. ಬೆನ್ನು ಹಿಡಿದು ಮನೆಯಲ್ಲಿ ಕೂತವರು, ಊರಿನಲ್ಲೇ ಬೀಡಿ ಕಟ್ಟುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಇವರು ಯಾರೂ ನಿಮ್ಮ 60ರಲ್ಲಿ ಇರುವುದಿಲ್ಲ. ಉಳಿದವರ ಲೆಕ್ಕ ಮಾತ್ರ ತೆಗೆದರೆ ಕೆಲಸ ಇದ್ದದ್ದಕ್ಕಿಂತ ಹಗುರವಾಗಿ ಕಾಣುತ್ತದೆ. 60ರಲ್ಲಿ ಹತ್ತು ಹನ್ನೆರಡು ಜನ ಕೆಲಸ ಬಿಟ್ಟವರೇ ಇರಲಿ. ಹುಡುಕುವುದು ಕಷ್ಟ ಏನಲ್ಲ, ಒಬ್ಬ ಟೈಲರ್‌ಗೆ ಬಿಟ್ಟುಹೋದ ನಾಲ್ಕು ಜನರ ಮನೆ ಗೊತ್ತಿರುತ್ತದೆ.

ಫ್ಯಾಕ್ಟರಿ ಒಳಗೆ ಕೇಳಲು ಪರ್ಮಿಷನ್ ಸಿಕ್ಕಿದರೂ ಹೋಗಬೇಡಿ. ಎಚ್‌ಆರ್ ಕೂರಿಸಿದ ರೂಮಿನಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಸಂಜೆ ಬಸ್ ಇಳಿಯುವ ಜಾಗವೂ ಆಗುವುದಿಲ್ಲ, ಅಡುಗೆ ಕಾಯುತ್ತಿರುತ್ತದೆ. ಭಾನುವಾರ ಬಟ್ಟೆ ಒಗೆದಾದ ಮೇಲೆ ಮಧ್ಯಾಹ್ನದ ಹೊತ್ತು ಮನೆಗೆ ಹೋಗಿ. ಹೆಸರು ಬರೆಯಬೇಡಿ, ಫ್ಯಾಕ್ಟರಿ ಹೆಸರೂ ಬೇಡ, ಲೈನ್ ನಂಬರ್ ಅಂತೂ ಬೇಡವೇ ಬೇಡ. ಅದೊಂದರಿಂದ ಯಾರು ಅಂತ ಸೂಪರ್‌ವೈಸರ್‌ಗೆ ಗೊತ್ತಾಗಿಬಿಡುತ್ತದೆ.

ಲೆಕ್ಕದ ಬಗ್ಗೆ ಚುಟುಕಾಗಿ: 60 ಜನರ ಮೇಲೆ 19 ಪ್ರಶ್ನೆಗೆ ಫ್ಯಾಕ್ಟರ್ ಅನಾಲಿಸಿಸ್ (ಯಾವ ಯಾವ ಪ್ರಶ್ನೆ ಒಂದೇ ಗುಂಪಿಗೆ ಸೇರುತ್ತವೆ ಅಂತ ಉತ್ತರಗಳಿಂದ ಕಂಡುಹಿಡಿಯುವ ಲೆಕ್ಕ) ಮಾಡಲು ಹೋಗಬೇಡಿ, ಗೈಡ್ ಹೇಳಿದರೂ ಯಾಕೆ ಬೇಡ ಅಂತ ವಿನಯದಿಂದ ಹೇಳಿ, ಸಂಖ್ಯೆ ಸಾಲದು. ಬಿರುಸಿನ ಗುಂಪು, ಕಲಿಕೆಯ ಗುಂಪಿನಿಂದ ಒಂದೆರಡು, ಜೊತೆಗೆ ನಿಮ್ಮ ಎಣಿಕೆಯ ಪ್ರಶ್ನೆಗಳು, ಇಷ್ಟು ಸಾಕು. ಮೊದಲು ಮತ್ತು ಈಗ ಇಟ್ಟ ಬೀಜಗಳ ವ್ಯತ್ಯಾಸವನ್ನು ಒಬ್ಬೊಬ್ಬರಿಗೂ ತೆಗೆಯಿರಿ, ಆಮೇಲೆ ಅದನ್ನು ಅವರೇ ಹೇಳಿದ ಗಂಟೆಯ ಟಾರ್ಗೆಟ್ ವ್ಯತ್ಯಾಸದ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಟ್ಟಿಗೆ ಏರಿದ್ದರೆ ಸರಿ. ಟಾರ್ಗೆಟ್ ಏರಿಲ್ಲ, ಬೀಜ ಮಾತ್ರ ಏರಿದೆ ಅಂದರೆ ಬೇರೆ ಏನೋ ಇದೆ, ಹೆಲ್ಪರ್ ಹೋಗಿರಬಹುದು, ಬೈಗುಳ ಜಾಸ್ತಿಯಾಗಿರಬಹುದು, ಅವರ ವಯಸ್ಸೂ ಆಗಿರಬಹುದು. 25ರಲ್ಲಿ ಮಾಡಿದ 90 ಪೀಸ್‌ಗೂ 40ರಲ್ಲಿ ಮಾಡುವ 90 ಪೀಸ್‌ಗೂ ವ್ಯತ್ಯಾಸ ಇದೆ. ಅಂಥವರ ಹತ್ತಿರ ಮತ್ತೊಮ್ಮೆ ಹೋಗಿ ಕೂತು ಮಾತಾಡಿ.

ಮೊದಲು ಐದು ಜನರ ಹತ್ತಿರ ಪ್ರಶ್ನೆಗಳನ್ನು ಓದಿ, ಪ್ರತಿಯೊಂದಕ್ಕೂ "ನಾನು ಏನು ಕೇಳಿದೆ ಅಂತ ನಿಮಗೆ ಅರ್ಥ ಆಯ್ತು?" ಅಂತ ಅವರ ಬಾಯಲ್ಲೇ ಹೇಳಿಸಿ. ಅರ್ಧ ಪ್ರಶ್ನೆ ಅಲ್ಲೇ ಬದಲಾಗುತ್ತವೆ. ಬದಲಾದ ಮೇಲೆ ಇಲ್ಲೇ ಹಾಕಿ, ನಾನು ಓದಿ ಹೇಳುತ್ತೇನೆ.