ಹಿರಿಯರು ಅವಕಾಶ ಕೊಡದಿದ್ದರೆ ಹುಡುಗರು ಬೇರೆ ಫೆಲೋಶಿಪ್ ಶುರು ಮಾಡಬಹುದಾ?

ಕುಮಟಾದ ನಿಮ್ಮ ಚರ್ಚಿನ ಸಭೆಯಲ್ಲಿ ಎಪ್ಪತ್ತು ದಾಟಿದ ಹಿರಿಯರು ಮೈಕ್ ಬಿಡುತ್ತಿಲ್ಲ, ಯುವಕರೆಲ್ಲ ಸೇರಿ ಫೆಲೋಶಿಪ್ ಅಂತ ಬೇರೆ ಪ್ರಾರ್ಥನಾ ಕೂಟ ಮಾಡೋಣ ಅಂತ ಬರೆದಿದ್ದೀರಿ. ನಾನು ಇದನ್ನೇ ಕಾರವಾರದಲ್ಲಿ ಮಾಡಿದವನು.

ನಮ್ಮದು ಸಣ್ಣ ಕನ್ನಡ ಸಭೆ. ಧಾರವಾಡ, ಗದಗ ಕಡೆಯಿಂದ ನೌಕರಿಗೆ ಬಂದವರು, ಕೈಗಾ ಅಣುಸ್ಥಾವರದವರು, ನೇವಿಯವರು, ಊರಿನದೇ ನಾಲ್ಕಾರು ಮನೆ. ಪಾಸ್ಟರ್ ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳು ಒಬ್ಬ ಅಂಕಲ್ ಪಾಲಿಗೆ. ಹೆಡ್ ಕ್ಲರ್ಕ್ ಆಗಿ ರಿಟೈರ್ ಆದವರು. ಪ್ರಾರ್ಥನೆ ಅವರೇ, ವಾಕ್ಯ ಅವರೇ, ಕಾಣಿಕೆ ಎಣಿಸುವುದೂ ಅವರೇ. ನಾನು ಗಿಟಾರ್ ಹಿಡಿದು ಹೋದರೆ "ಇವತ್ತು ಬೇಡ ತಮ್ಮಾ" ಅನ್ನುತ್ತಿದ್ದರು. ಆ ಇವತ್ತು ಮುಗಿಯಲೇ ಇಲ್ಲ. ಕೊನೆಗೆ ಸಿಟ್ಟು ಬಂದು ಹುಡುಗರನ್ನು ಕರೆದುಕೊಂಡು ಹೊರಗೆ ಬಂದೆ.

ಹೊರಗೆ ಬಂದಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನನ್ನ ತಪ್ಪು ಬೇರೆ, ಅದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ವಾಟ್ಸಾಪ್‌ಗೆ ಹಾಕೋಕೆ ಪೋಸ್ಟರ್ ಮಾಡುವಾಗ ಕೆಳಗೆ "18ರಿಂದ 30 ವರ್ಷದವರಿಗೆ ಮಾತ್ರ" ಅಂತ ಸೇರಿಸಿದೆ. ಚಿಕ್ಕವರು ಬಂದರೆ ಗಲಾಟೆ, ದೊಡ್ಡವರು ಬಂದರೆ ಬುದ್ಧಿವಾದ, ಒಂದೇ ವಯಸ್ಸಿನವರಾದರೆ ಮನಸ್ಸು ಬಿಚ್ಚಿ ಮಾತಾಡಬಹುದು, ಇದು ನನ್ನ ಲೆಕ್ಕ. ಮಾತಾಡಿದೆವು ಕೂಡ. ಶನಿವಾರ ಸಂಜೆ ಏಳಕ್ಕೆ ಕೋಡಿಬಾಗದ ಒಂದು ಮಹಡಿ ಕೋಣೆಯಲ್ಲಿ ಕೂತರೆ ಹತ್ತಾದರೂ ಏಳುತ್ತಿರಲಿಲ್ಲ. ಹಾಡು, ಸಾಕ್ಷಿ, ಅಳು, ಆಮೇಲೆ ಗೋಬಿ ಮಂಚೂರಿ. ಚೆನ್ನಾಗಿತ್ತು, ಸುಳ್ಳು ಹೇಳಲ್ಲ.

ಆದರೆ ಇದು ಕಾರವಾರ. ಇಲ್ಲಿ ಓದು ಮುಗಿಸಿದ ಹುಡುಗ ಊರಲ್ಲಿ ಉಳಿಯುತ್ತಾನಾ? ಒಬ್ಬನಿಗೆ ಗೋವಾದ ವೆರ್ಣಾದಲ್ಲಿ ಫ್ಯಾಕ್ಟರಿ ಕೆಲಸ ಸಿಕ್ಕಿತು. ಮೊದಲು ದಿನಾ ಓಡಾಡಿದ, ಆಮೇಲೆ ಮಡಗಾಂವ್‌ನಲ್ಲೇ ರೂಮ್ ಮಾಡಿದ. ಇಬ್ಬರು ಬೆಂಗಳೂರು ಸೇರಿದರು. ಕೀಬೋರ್ಡ್ ನುಡಿಸುತ್ತಿದ್ದವನು ದುಬೈಗೆ ಹೋದ. ನೇವಿಯವರ ಮಕ್ಕಳು ಅಪ್ಪನ ಟ್ರಾನ್ಸ್‌ಫರ್ ಬಂದ ಕೂಡಲೇ ಕೊಚ್ಚಿ, ವಿಶಾಖಪಟ್ಟಣ ಅಂತ ಹೊರಟರು. ಹುಡುಗಿಯರು ಮದುವೆಯಾಗಿ ಬೆಳಗಾವಿ, ಹುಬ್ಬಳ್ಳಿ. ಎಲ್ಲರದೂ ಹೆಚ್ಚುಕಮ್ಮಿ ಒಂದೇ ವಯಸ್ಸು, ಹಾಗಾಗಿ ಎಲ್ಲರೂ ಹೆಚ್ಚುಕಮ್ಮಿ ಒಟ್ಟಿಗೇ ಖಾಲಿಯಾದರು. ನಮ್ಮ ಕೆಳಗೆ ಯಾರೂ ಇರಲಿಲ್ಲ. ಇರೋದಕ್ಕೆ ನಾನು ಬಿಟ್ಟಿರಲಿಲ್ಲ. ಹದಿಮೂರು ವರ್ಷದ ಒಬ್ಬ ಹುಡುಗ ಮೆಟ್ಟಿಲ ಹತ್ತಿರ ನಿಂತು "ಅಣ್ಣಾ, ಚೇರ್ ಹಾಕೋಕಾದ್ರೂ ಬರ್ಲಾ?" ಅಂತ ಕೇಳಿದ್ದ. "ಪಿಯುಸಿ ಮುಗಿಸಿ ಬಾರೋ" ಅಂದು ಕಳಿಸಿದ್ದೆ. ಅವನು ಪಿಯುಸಿ ಮುಗಿಸಿ ಮಂಗಳೂರಿನ ಕಾಲೇಜಿಗೆ ಹೋದ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಯಾಕೆ ನೋಡಬೇಕು?

ಬೈಬಲಿನ 1 ಅರಸುಗಳು 12ನೇ ಅಧ್ಯಾಯದ ರಾಜ ರೆಹಬ್ಬಾಮನನ್ನು ನೋಡಿ. ಹಿರಿಯರ ಮಾತು ಬದಿಗಿಟ್ಟು, ತನ್ನ ಜೊತೆ ಬೆಳೆದವರನ್ನು ಕೇಳಿದ. ಅವನಿಗೆ ಬೇಕಾದದ್ದನ್ನೇ ಅವರು ಹೇಳಿದರು. ಇಸ್ರಾಯೇಲಿನ ಹತ್ತು ಕುಲ ಅವನ ಕೈಬಿಟ್ಟು ಹೋದವು. ಓರಗೆಯವರು ಮಾತ್ರ ಇದ್ದರೆ ಎಲ್ಲರಿಗೂ ಕಾಣೋದು ಒಂದೇ, ಕಾಣದೆ ಇರೋದೂ ಒಂದೇ.

ಅಂಕಲ್ ವಿಷಯಕ್ಕೆ ಬರುತ್ತೇನೆ. ಮೈಕ್ ಹಿಡಿದರೆ ಅವರು ನಿಜವಾಗಿಯೂ ಬೋರು. ಆದರೆ ಗುರುವಾರ ಅವರು ಮನೆಭೇಟಿಗೆ ಹೊರಡುತ್ತಿದ್ದರು, ಬೈತಕೋಲದಿಂದ ಶಿರವಾಡದ ತನಕ, ಬಸ್ಸಲ್ಲೇ. ಜುಲೈ ಕೊನೆಯಲ್ಲಿ ಬೋಟಿಗೆ ಹೋಗುವವರ ಮನೆ ತಪ್ಪಿಸುತ್ತಿರಲಿಲ್ಲ, ಆಗಸ್ಟ್ 1ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟ್ ಕಡಲಿಗೆ ಇಳಿಯುತ್ತವಲ್ಲ, ಅದಕ್ಕೆ. ಇದು ನನಗೆ ಆಗ ಗೊತ್ತೇ ಇರಲಿಲ್ಲ. ನಾನು ನೋಡಿದ್ದು ಭಾನುವಾರದ ಅಂಕಲ್ ಮಾತ್ರ.

ಅವರಿಗೆ ಲಕ್ವ ಹೊಡೆದು ಮಾತು ನಿಂತಿತು. ಆಂಟಿ ಒಂದು ಉದ್ದ ಲೆಕ್ಕದ ಪುಸ್ತಕ ತಂದು ನನ್ನ ಕೈಗಿಟ್ಟರು, ಕೆಂಪು ರಟ್ಟಿನದು. ಒಳಗೆ ಪೆನ್ಸಿಲ್‌ನಲ್ಲಿ ಸಣ್ಣ ಸಣ್ಣ ಅಕ್ಷರ. "ಕೋ. ಮಗಳು, ಮಾರ್ಚ್." "ರಾ. ಕುಡಿತ, ಹೆಂಡತಿ ತವರು." ಪಕ್ಕದಲ್ಲಿ ಗೀಟು, ಪ್ರಾರ್ಥಿಸಿದ ಗುರುತಿರಬೇಕು. ಕೋ. ಅಂದ್ರೆ ಯಾರು, ಮಾರ್ಚ್‌ನಲ್ಲಿ ಪರೀಕ್ಷೆಯೋ ಹೆರಿಗೆಯೋ, ಹೇಳುವವರಿಲ್ಲ. ಬಲ್ಲವರು ಅವರೊಬ್ಬರೇ, ಅವರಿಗೆ ಬಾಯಿಲ್ಲ. ಕೆಲವು ಮನೆಗಳು ಸಭೆಗೆ ಬರೋದು ಬಿಟ್ಟಿದ್ದು ಆಮೇಲೆಯೇ. ಯಾವ ಮನೆ, ಯಾಕೆ ಅಂತ ನಮಗೆ ತಿಳಿಯುವಾಗ ತಡವಾಗಿತ್ತು.

ಕಥೋಲಿಕ ಗೆಳೆಯರಿಗೆ ಇದು ಅರ್ಥವಾಗಲ್ಲ. ಅವರಿಗೆ 1976ರಿಂದ ಕಾರವಾರ ಧರ್ಮಪ್ರಾಂತ್ಯ ಇದೆ, ಬಿಷಪ್ ಇದ್ದಾರೆ, ಒಬ್ಬ ಫಾದರ್‌ಗೆ ವರ್ಗವಾದರೆ ಇನ್ನೊಬ್ಬರು ಬರುತ್ತಾರೆ. ನಮ್ಮಂಥ ಸಣ್ಣ ಸಭೆಯಲ್ಲಿ ಒಬ್ಬ ಮನುಷ್ಯ ಹಾಸಿಗೆ ಹಿಡಿದರೆ ಸಭೆಯೇ ಹಿಡಿದ ಹಾಗೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮೈಕ್ ಯಾರ ಕೈಲಿದೆ ಅನ್ನೋದು ಚಿಲ್ಲರೆ ವಿಷಯ. ನೀವು ಕಟ್ಟಬೇಕು ಅಂದುಕೊಂಡಿರುವ ಗುಂಪಿನಲ್ಲಿ ಹನ್ನೆರಡು ವರ್ಷದವರು ಯಾರಿದ್ದಾರೆ? ಅಜ್ಜಿಯಂದಿರು ಯಾರಿದ್ದಾರೆ? ಬೈಬಲಿನಲ್ಲಿ ಪೌಲನು ತನ್ನ ಕಿರಿಯ ಶಿಷ್ಯ ತಿಮೊಥೆಯನಿಗೆ ಬರೆಯುವಾಗ ಮೊದಲು ನೆನೆಸಿಕೊಂಡಿದ್ದು ಅವನ ಅಜ್ಜಿಯ ನಂಬಿಕೆ, ಆಮೇಲೆ ತಾಯಿಯದು. ನೀವು ಲೀಡರ್‌ಶಿಪ್ ಸೆಮಿನಾರಿಗೆ ಹೋಗಬೇಕು ಅಂತಲೂ ಬರೆದಿದ್ದೀರಿ. ಸುಮ್ನೆ ದುಡ್ಡು ದಂಡ.

ನಿಮ್ಮ ಹಿರಿಯರು ಸರಿ ಅಂತ ನಾನು ವಾದ ಮಾಡುತ್ತಿಲ್ಲ. ನಮ್ಮ ಅಂಕಲ್ ಕೂಡ ಸರಿ ಇರಲಿಲ್ಲ, ಎಲ್ಲ ತಲೆಯಲ್ಲೇ ಇಟ್ಟುಕೊಂಡರು. ಬೈಬಲಿನ ಮುದಿ ಯಾಜಕ ಏಲಿಯ ಕಥೆ ಗೊತ್ತಲ್ವಾ? ಕಣ್ಣು ಮಂಜು, ಮಕ್ಕಳು ಕೆಟ್ಟವರು, ಮನೆಯ ಮೇಲೆ ದೇವರ ತೀರ್ಪು ಬೇರೆ. ಆದರೂ ರಾತ್ರಿ ಕರೆದದ್ದು ದೇವರು ಅಂತ ಅವನ ಕೈಕೆಳಗಿದ್ದ ಹುಡುಗ ಸಮುವೇಲನಿಗೆ ಗೊತ್ತಾಗಲಿಲ್ಲ, ಗೊತ್ತಾಗಿದ್ದು ಆ ಮುದುಕನಿಗೆ. ಹುಡುಗ ಮೂರು ಸಲ ಎದ್ದು ಓಡಿದ್ದೂ ಅವನ ಹತ್ತಿರವೇ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ: ಹಿರಿಯರು ಕಾಣಿಕೆ ದುಡ್ಡು ತಿನ್ನುತ್ತಿದ್ದರೆ, ಮಕ್ಕಳ ಹತ್ತಿರ, ಹೆಣ್ಣುಮಕ್ಕಳ ಹತ್ತಿರ ಕೆಟ್ಟದಾಗಿ ನಡೆದುಕೊಂಡಿದ್ದರೆ ಈ ಉತ್ತರ ನಿಮಗಲ್ಲ. ಮೊದಲು ದೂರು ಕೊಡಿ.

ಬರೀ ಮೈಕ್ ಜಗಳ ಆಗಿದ್ದರೆ ಮೈಕ್ ಅವರಿಗೇ ಇರಲಿ. ನೀವು ಸಂಡೇ ಸ್ಕೂಲ್ ಕೇಳಿ ಪಡೆಯಿರಿ, ಅದನ್ನು ಯಾರೂ ಬೇಡ ಅನ್ನಲ್ಲ. ನಿಮ್ಮ ಗುಂಪಿನ ಪ್ರತಿಯೊಬ್ಬರೂ ಒಂದೊಂದು ಮಗುವನ್ನು ಹೆಸರು ಹಿಡಿದು ನೋಡಿಕೊಳ್ಳಲಿ, ಊರು ಬಿಡುವಾಗ ಇನ್ನೊಬ್ಬರಿಗೆ ಒಪ್ಪಿಸಿ ಹೋಗಲಿ. ನೀವೂ ಒಂದಿನ ಬೆಂಗಳೂರು ಬಸ್ ಹತ್ತುವವರೇ, ಅಲ್ವಾ? ಮತ್ತೆ ನಿಮ್ಮ ಹಿರಿಯರನ್ನು ಮನೆಭೇಟಿಗೆ ಬೈಕಲ್ಲಿ ಕರೆದುಕೊಂಡು ಹೋಗಿ. ಹೆಗಡೆ, ಬಾಡ, ಎಲ್ಲಿಗೆ ಅಂತಾರೋ ಅಲ್ಲಿಗೆ. ದಾರಿಯಲ್ಲಿ ಯಾವ ಮನೆಯಲ್ಲಿ ಏನು ಕಷ್ಟ ಅಂತ ಕೇಳಿ, ಸಂಜೆ ಮನೆಗೆ ಬಂದು ಬರೆದಿಡಿ. ಪೂರ್ತಿ ಹೆಸರು ಬರೆಯಿರಿ.