1/20 ಅಳತೆಯ ಮೆಕ್‌ಲಾರೆನ್ ಎಂಪಿ4/4 ಮಾದರಿಗೆ ನಿಜವಾದ ಕಾರಿನಂಥ ಬಣ್ಣ ಬರಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಮೆಕ್‌ಲಾರೆನ್ ತಂಡದ 1988ರ ಫಾರ್ಮುಲಾ ಒನ್ ರೇಸ್ ಕಾರಾದ ಎಂಪಿ4/4ರ, ಟಾಮಿಯಾ ಕಂಪನಿ ಮಾಡಿದ 1/20 ಅಳತೆಯ ಕಿಟ್ಟನ್ನು ಜೋಡಿಸಿ, ಸ್ಪ್ರೇ ಡಬ್ಬಿಯಿಂದ ಬಿಳಿ ಮತ್ತು ಕೆಂಪು ಹೊಡೆದು, ಮೇಲೆ ಕ್ಲಿಯರ್ ಕೋಟನ್ನು, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರವನ್ನು, ಧಾರಾಳವಾಗಿ ಹಾಕಿದ್ದೀರಿ, ಹೊಳಪು ಚೆನ್ನಾಗಿಯೇ ಬಂದಿದ್ದರೂ ಮಾದರಿ ಆಟಿಕೆಯಂತೆ ಕಾಣುತ್ತಿದೆ, ಬಣ್ಣವನ್ನೆಲ್ಲ ತೆಗೆದು ಮತ್ತೆ ಆರಂಭಿಸಬೇಕೇ ಎಂಬುದು ನಿಮ್ಮ ಸಂದೇಹ. ಬಹಳ ಕಾಲದಿಂದ ರೇಸ್ ಕಾರುಗಳ ಮಾದರಿಗಳನ್ನೇ ಕಟ್ಟುತ್ತ ಬಂದಿರುವ ನನಗೆ ತೋರುವಂತೆ, ಇಂಥ ಮಾದರಿಗಳು ಕೆಡುವುದು ಬಹುಮಟ್ಟಿಗೆ ಬಣ್ಣದ ದಪ್ಪದಿಂದ. ಹೊಳಪು ಸಾಲದೆಂದು ಇನ್ನೊಂದು ಕೋಟು ಹಾಕಿದಷ್ಟೂ ಆ ತೊಂದರೆ ಬೆಳೆಯುತ್ತ ಹೋಗುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ರಸ್ತೆಯಲ್ಲಿ ಓಡುವ ಸಾಮಾನ್ಯ ಕಾರಿನ ಮೈಮೇಲೆ ಪ್ರೈಮರ್ ಎಂಬ ತಳಪದರದಿಂದ ಕ್ಲಿಯರ್‌ವರೆಗೆ ಎಲ್ಲ ಪದರಗಳೂ ಸೇರಿ ಸುಮಾರು 0.1ರಿಂದ 0.15 ಮಿಲಿಮೀಟರ್ ಬಣ್ಣವಿರುತ್ತದೆ. ತೂಕ ಉಳಿಸಲೇಬೇಕಾದ ರೇಸ್ ಕಾರಿಗೆ ಅದಕ್ಕಿಂತ ದಪ್ಪವಾಗಿ ಬಳಿಯಲು ಕಾರಣವೇ ಇಲ್ಲ. ಇದನ್ನು ಇಪ್ಪತ್ತರಿಂದ ಭಾಗಿಸಿದರೆ ಮಾದರಿಯ ಮೇಲೆ ಇರಬೇಕಾದ ದಪ್ಪ 0.005ರಿಂದ 0.0075 ಮಿಲಿಮೀಟರ್ ಆಗುತ್ತದೆ. ಅಷ್ಟು ತೆಳುವಾಗಿ ಹೊಡೆಯುವುದು ಯಾರ ಕೈಯಿಂದಲೂ ಆಗದ ಕೆಲಸ. ಆದರೆ ನಾವು ಎಷ್ಟು ದೂರದಲ್ಲಿದ್ದೇವೆ ಎಂಬುದು ಇದರಿಂದ ತಿಳಿಯುತ್ತದೆ. ಪ್ರೈಮರ್, ಬಿಳಿ, ಕೆಂಪು, ಕ್ಲಿಯರ್ ಎಲ್ಲ ಸೇರಿ ಮಾದರಿಯ ಮೇಲೆ 0.1 ಮಿಲಿಮೀಟರ್ ಕೂತರೆ, ಅದು ನಿಜವಾದ ಕಾರಿನ ಮೇಲೆ ಎರಡು ಮಿಲಿಮೀಟರ್ ದಪ್ಪ ಬಣ್ಣ ಬಳಿದುದಕ್ಕೆ ಸಮ. ನಿಜವಾದ ಕಾರಿನ ಎರಡು ಪ್ಯಾನೆಲ್‌ಗಳ ನಡುವಿನ ಮೂರು ಮಿಲಿಮೀಟರ್ ಸಂದು ಈ ಅಳತೆಯಲ್ಲಿ 0.15 ಮಿಲಿಮೀಟರ್ ಮಾತ್ರ. ಅದರ ಎರಡೂ ಗೋಡೆಗಳ ಮೇಲೆ ಅಷ್ಟು ಬಣ್ಣ ಕೂತರೆ ಸಂದೇ ಮುಚ್ಚಿಹೋಗುತ್ತದೆ. ರೆಕ್ಕೆಗಳ ಅಂಚು ಮೊಂಡಾಗಿ, ಗಾಳಿ ಒಳಹೋಗುವ ತೂತುಗಳ ಬಾಯಿ ದುಂಡಗಾಗಿ ಕಾಣುವುದೂ ಇದೇ ಕಾರಣದಿಂದ. ಕಣ್ಣು ಈ ಲೆಕ್ಕವನ್ನು ಹಾಕುವುದಿಲ್ಲವಾದರೂ, ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದಂತಿದೆ ಎಂದು ತಕ್ಷಣ ಗುರುತಿಸುತ್ತದೆ.

ಆದ್ದರಿಂದ ಕೆಲಸ ಆರಂಭವಾಗಬೇಕಾದುದು ಬಣ್ಣದ ಡಬ್ಬಿ ತೆರೆಯುವ ಮೊದಲೇ. ಪ್ಯಾನೆಲ್ ಗೆರೆಗಳನ್ನು ಗೆರೆ ಕೊರೆಯುವ ಸೂಜಿಯಿಂದ ಇನ್ನಷ್ಟು ಆಳ ಮಾಡಿಕೊಳ್ಳಿ, ಅಗಲ ಮಾಡಬೇಡಿ. ರೆಕ್ಕೆಗಳ ಹಿಂಬದಿಯ ಅಂಚನ್ನು ವಾಟರ್ ಪೇಪರಿನಿಂದ ಉಜ್ಜಿ ತೆಳುವಾಗಿಸಿ. ಪ್ರೈಮರ್ ಬಿಳಿಯದೇ ಇರಲಿ, ಅದನ್ನು ಒಣಗಿದ ಮೇಲೆ 2000 ನಂಬರಿನ ಕಾಗದದಿಂದ ನೀರು ಹಚ್ಚಿ ಉಜ್ಜಿ, ಕಾಣುವಷ್ಟು ಮಾತ್ರ ಉಳಿಸಿಕೊಳ್ಳಿ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇದ್ದರೆ 0.3 ಮಿಲಿಮೀಟರ್ ಬಾಯಿಯದು ಸಾಕು. 15ರಿಂದ 20 ಪಿಎಸ್‌ಐ ಒತ್ತಡದಲ್ಲಿ, ಚೆನ್ನಾಗಿ ತಿನ್ನರ್ ಬೆರೆಸಿದ, ಬೇಗ ಒಣಗುವ ಲ್ಯಾಕರ್ ಬಣ್ಣವನ್ನು ಹೊಡೆಯಬಹುದು. ಡಬ್ಬಿಯೇ ಗತಿ ಎಂದಾದರೆ ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಬಳಸಿ. ಹನಿಗಳು ಸಣ್ಣದಾಗಿ ಬೀಳುತ್ತವೆ. ಕುದಿಯುವ ನೀರು, ಒಲೆ, ಇವುಗಳ ಹತ್ತಿರ ಮಾತ್ರ ಡಬ್ಬಿ ಒಯ್ಯಬಾರದು.

ಇನ್ನು ನಿಮ್ಮ ಕೆಂಪಿನ ವಿಚಾರ. 1988ರ ಹದಿನಾರು ರೇಸ್‌ಗಳಲ್ಲಿ ಹದಿನೈದನ್ನು ಗೆದ್ದ ಈ ಕಾರು ಛಾಯಾಚಿತ್ರಗಳಲ್ಲಿ ಒಮ್ಮೆ ಅಚ್ಚಗೆಂಪಾಗಿ, ಇನ್ನೊಮ್ಮೆ ಕಿತ್ತಳೆಯಾಗಿ ಕಾಣುವುದನ್ನು ನೀವೂ ಗಮನಿಸಿರಬಹುದು. ಟೀವಿ ಪರದೆಯ ಮೇಲೆ ಪ್ರಾಯೋಜಕರ ಸಿಗರೇಟು ಪ್ಯಾಕಿನ ಕೆಂಪಿನಂತೆ ಕಾಣಲೆಂದು ತಂಡವು ಕಿತ್ತಳೆಯ ಕಡೆಗೆ ವಾಲಿದ ಫ್ಲೋರೆಸೆಂಟ್ ಕೆಂಪನ್ನು ಬಳಸುತ್ತಿತ್ತು. ಸಾದಾ ಕೆಂಪು ಬಳಿದ ಮಾದರಿ ಎಷ್ಟು ಅಚ್ಚುಕಟ್ಟಾಗಿದ್ದರೂ ಅದು ಆ ಕಾರು ಎನಿಸದಿರುವುದು ಇದರಿಂದಲೇ. ಟಾಮಿಯಾದ ಟಿಎಸ್-36 ಫ್ಲೋರೆಸೆಂಟ್ ಕೆಂಪು ಈ ಕೆಲಸಕ್ಕೆ ಒದಗುತ್ತದೆ, ಆದರೆ ಫ್ಲೋರೆಸೆಂಟ್ ಬಣ್ಣದ ಸ್ವಭಾವವೇ ಬೇರೆ. ಅದು ಕೆಳಗಿನ ಬಣ್ಣವನ್ನು ಮುಚ್ಚುವುದಿಲ್ಲ, ಕೆಳಗಿನ ಬಿಳಿಯಿಂದಲೇ ಬೆಳಗುತ್ತದೆ. ಹಾಗಾಗಿ ಬಿಳಿ ಒಂದೇ ಸಮನಾಗಿ ಇರಬೇಕು, ಕೆಂಪಿನ ದಪ್ಪವೂ ಎಲ್ಲೆಡೆ ಒಂದೇ ಆಗಿರಬೇಕು, ಇಲ್ಲದಿದ್ದರೆ ಮೂಲೆಗಳಲ್ಲಿ ಗಾಢವಾಗಿ, ಅಂಚುಗಳಲ್ಲಿ ಪೇಲವವಾಗಿ ಮಚ್ಚೆ ಮಚ್ಚೆಯಾಗಿ ಉಳಿಯುತ್ತದೆ. ಒಣಗಿದಾಗ ಅದು ಮಂಕಾಗಿ, ಕೊಂಚ ಒರಟಾಗಿ ಕಾಣುತ್ತದೆ; ಅದನ್ನು ಕಂಡು ಹೆದರಿ ಇನ್ನಷ್ಟು ಹೊಡೆಯಬಾರದು, ಕ್ಲಿಯರ್ ಬಿದ್ದ ಮೇಲೆ ಆ ಮಂಕು ಹೋಗುತ್ತದೆ. ನೇರಳಾತೀತ ಕಿರಣಗಳಿರುವ ಹಗಲು ಬೆಳಕಿನಲ್ಲಿ ಈ ಬಣ್ಣ ಉರಿಯುವಂತೆ ಕಾಣುತ್ತದೆ, ಮನೆಯ ಎಲ್‌ಇಡಿ ದೀಪದಡಿ ಆ ಉರಿ ತಗ್ಗುತ್ತದೆ. ಯಾವ ಛಾಯೆ ಸರಿ ಎಂದು ತೀರ್ಮಾನಿಸುವಾಗ ಮಾದರಿಯನ್ನು ಮುಂದೆ ಇಡಲಿರುವ ಜಾಗದ ಬೆಳಕಿನಲ್ಲೇ ನೋಡುವುದು ನನ್ನ ರೂಢಿ. ಆದರೆ ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ. ಫ್ಲೋರೆಸೆಂಟ್ ಬಣ್ಣಗಳು ಬೇರೆ ಬಣ್ಣಗಳಿಗಿಂತ ಬೇಗ ಮಾಸುತ್ತವೆ.

ಕೆಂಪು, ಬಿಳಿ ಕೂಡುವ ಚೂಪಾದ ಗಡಿಯಲ್ಲಿ ಮಾಸ್ಕಿಂಗ್ ಟೇಪು ಅಂಟಿಸಿದ ಮೇಲೆ, ಅದರ ಅಂಚಿಗೆ ಮೊದಲು ಮತ್ತೊಮ್ಮೆ ತೆಳುವಾಗಿ ಬಿಳಿಯನ್ನೇ ಹೊಡೆಯಿರಿ. ಟೇಪಿನಡಿ ನುಸುಳುವುದೇನಿದ್ದರೂ ಬಿಳಿಯೇ ನುಸುಳಿ ಸಂದನ್ನು ಮುಚ್ಚುತ್ತದೆ, ಆಮೇಲೆ ಬೀಳುವ ಕೆಂಪಿಗೆ ಒಳದಾರಿ ಇರುವುದಿಲ್ಲ. ಟೇಪನ್ನು ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಚಿಕೊಂಡು ನಿಧಾನವಾಗಿ ಬಿಡಿಸಿದರೆ ಗಡಿ ಕತ್ತರಿಸಿದಂತೆ ಉಳಿಯುತ್ತದೆ.

ಡೀಕಾಲ್‌ಗಳ, ಅಂದರೆ ಮೈಮೇಲೆ ಅಂಟಿಸುವ ತೆಳು ಅಕ್ಷರ-ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಂಬಾಕು ಜಾಹೀರಾತಿನ ನಿರ್ಬಂಧಗಳಿಂದಾಗಿ ಈಚಿನ ಕಿಟ್‌ಗಳಲ್ಲಿ ಸಿಗರೇಟಿನ ಹೆಸರು ಬಿಟ್ಟುಹೋಗಿರುವುದರಿಂದ ಅದನ್ನು ಬೇರೆಯಾಗಿ ತರಿಸಬೇಕಾಗುತ್ತದೆ. ಮುಖ್ಯವಾದ ಎಚ್ಚರಿಕೆಯೆಂದರೆ, ಲ್ಯಾಕರ್ ಕ್ಲಿಯರನ್ನು ಒಮ್ಮೆಲೇ ಒದ್ದೆಯಾಗಿ ಹೊಡೆದರೆ ಡೀಕಾಲ್ ಸುಕ್ಕುಗಟ್ಟುತ್ತದೆ ಅಥವಾ ಕರಗುತ್ತದೆ. ಮೊದಲ ಒಂದೆರಡು ಕೋಟುಗಳು ದೂರದಿಂದ ಮಂಜಿನಂತೆ ಬಿದ್ದು ಒಣಗಬೇಕು; ಅನಂತರವಷ್ಟೇ ಒದ್ದೆ ಕೋಟು. ಅದು ಪೂರ್ತಿ ಗಟ್ಟಿಯಾದ ಮೇಲೆ 3000ದಿಂದ ಮೇಲಿನ ನಂಬರಿನ ಕಾಗದದಲ್ಲಿ ಉಜ್ಜಿ, ಪಾಲಿಶ್ ಕಾಂಪೌಂಡಿನಿಂದ ತಿಕ್ಕಿ, ಟ್ಯೂಬ್‌ಲೈಟಿನ ಪ್ರತಿಬಿಂಬದ ಅಂಚು ನೇರವಾಗಿ ಕಂಡಾಗ ನಿಲ್ಲಿಸಿ. ಉಬ್ಬಿದ ಅಂಚುಗಳನ್ನು ತಿಕ್ಕಲೇಬೇಡಿ, ಅಲ್ಲಿ ಬಣ್ಣ ಕ್ಷಣದಲ್ಲಿ ಕಿತ್ತುಬರುತ್ತದೆ. ಗಾಜಿನಂಥ ಹೊಳಪು ಎಲ್ಲ ಕಾರಿಗೂ ಸಲ್ಲುವುದಿಲ್ಲ ಎಂಬುದನ್ನೂ ನೆನಪಿಡಬೇಕು: 2016ರ ರೆಡ್ ಬುಲ್ ಆರ್‌ಬಿ12, 2019ರ ಫೆರಾರಿ ಎಸ್‌ಎಫ್90 ಹೊಳಪಿಲ್ಲದ ಮ್ಯಾಟ್ ಬಣ್ಣದಲ್ಲೇ ಓಡಿದವು.

ನಿಮ್ಮ ಕಾರಿಗೆ ಹೊಳಪು ಬೇಕು, ಆದರೆ ಅದು ಮೈಗೆ ಮಾತ್ರ. ಸಸ್ಪೆನ್ಷನ್ ತೋಳುಗಳು ಅರೆಹೊಳಪಿನ ಕಪ್ಪು, ತಳದ ಹಲಗೆ ಅದಕ್ಕಿಂತ ಮಂಕು, ಟೈರುಗಳು ಪೂರ್ತಿ ಮಂಕು ಎಂದು ಮೂರ್ನಾಲ್ಕು ಬಗೆಯ ಮೇಲ್ಮೈಗಳು ಪಕ್ಕಪಕ್ಕದಲ್ಲಿದ್ದಾಗಲೇ ಕೆಂಪಿನ ಹೊಳಪು ನಂಬುವಂತಾಗುತ್ತದೆ. ಎಲ್ಲವೂ ಒಂದೇ ರೀತಿ ಮಿನುಗುವುದು ಆಟಿಕೆಯ ಗುಣ. ಟೈರಿನ ನೆಲ ತಾಗುವ ಭಾಗವನ್ನು 400 ನಂಬರಿನ ಕಾಗದದಿಂದ ಹಗುರವಾಗಿ ಸವೆಸಿ. ಕಾರ್ಬನ್ ನೇಯ್ಗೆಯ ಡೀಕಾಲ್‌ಗಳು ನನಗೆ ಅಷ್ಟಾಗಿ ಹಿಡಿಸಿಲ್ಲ. ನಿಜವಾದ ಬಟ್ಟೆಯ ಎರಡು ಮಿಲಿಮೀಟರ್ ಎಳೆ ಇಲ್ಲಿ 0.1 ಮಿಲಿಮೀಟರ್ ಆಗಬೇಕಿರುವಾಗ, ಮಾರಾಟಕ್ಕಿರುವ ಹೆಚ್ಚಿನವು ಚಾಪೆಯ ಹೆಣಿಗೆಯಷ್ಟು ದೊಡ್ಡದಾಗಿ ಕಾಣುತ್ತವೆ. ಪ್ಯಾನೆಲ್ ಗೆರೆಗಳಿಗೂ ಅಚ್ಚಕಪ್ಪು ಬೇಡ: ಬಿಳಿಯ ಮೇಲೆ ಬೂದು, ಕೆಂಪಿನ ಮೇಲೆ ಕಡುಗಂದು ತುಂಬಿಸಿದರೆ ಸಾಕು.

ಕರಾವಳಿಯಲ್ಲೋ ಮಲೆನಾಡಿನಲ್ಲೋ ನೀವಿದ್ದರೆ ಮಳೆಗಾಲದಲ್ಲಿ ಲ್ಯಾಕರ್ ಹೊಡೆಯುವ ಆತುರ ಬೇಡ. ತಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು, ಕ್ಲಿಯರ್ ಬೆಳ್ಳಗೆ ಮಸುಕಾಗುತ್ತದೆ. ನಿಧಾನವಾಗಿ ಒಣಗಿಸುವ ರಿಟಾರ್ಡರ್ ತಿನ್ನರ್ ಸ್ವಲ್ಪ ಬೆರೆಸಿ ಮತ್ತೆ ಹೊಡೆದರೆ ಮಸುಕು ಹೆಚ್ಚಾಗಿ ತಿಳಿಯಾಗುತ್ತದೆ. ಮುಖಕ್ಕೆ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಧರಿಸಿ. ಬಟ್ಟೆಯ ಮಾಸ್ಕ್‌ನಿಂದ ಏನೂ ಪ್ರಯೋಜನವಿಲ್ಲ. ಗಟ್ಟಿಕಾರಕ ಬೆರೆಸುವ ಟೂ-ಕೆ ಕ್ಲಿಯರಿನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಐಸೊಸಯನೇಟ್ ಇರುವುದರಿಂದ, ಮನೆಯೊಳಗೆ ಅದನ್ನು ಬಳಸಲು ನಾನು ಯಾರಿಗೂ ಹೇಳುವುದಿಲ್ಲ.

ಈಗಿರುವ ಬಣ್ಣವನ್ನು ತೆಗೆಯಬೇಕೇ ಎಂಬುದಕ್ಕೆ ಉತ್ತರ ಪ್ಯಾನೆಲ್ ಗೆರೆಗಳಲ್ಲಿದೆ. ಓರೆ ಬೆಳಕಿನಲ್ಲಿ ಅವು ಇನ್ನೂ ಸ್ಪಷ್ಟವಾಗಿ ಕಾಣುತ್ತಿದ್ದು, ಕೆಂಪಿನ ಛಾಯೆಯೂ ನಿಮಗೆ ಒಪ್ಪಿಗೆಯಾಗಿದ್ದರೆ, ಮೇಲಿನ ಕ್ಲಿಯರನ್ನಷ್ಟೇ 2000 ಮತ್ತು 3000 ನಂಬರಿನ ಕಾಗದದಿಂದ ಇಳಿಸಿ ಪಾಲಿಶ್ ಮಾಡಿ, ಉಳಿದ ಭಾಗಗಳ ಹೊಳಪನ್ನು ಸೆಮಿಗ್ಲಾಸ್ ಮತ್ತು ಮ್ಯಾಟ್ ಕ್ಲಿಯರಿನಿಂದ ತಗ್ಗಿಸಿ. ಗೆರೆಗಳು ಮುಚ್ಚಿಹೋಗಿದ್ದರೆ ಅಥವಾ ಹೊಡೆದದ್ದು ಸಾದಾ ಕೆಂಪಾಗಿದ್ದರೆ ಮೈಭಾಗಗಳನ್ನು ಬಿಡಿಸಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕೆಲವು ಗಂಟೆ ಮುಳುಗಿಸಿಟ್ಟು, ಮೆದುವಾದ ಬಣ್ಣವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಮೊದಲು ಬಿಡಿಭಾಗಗಳನ್ನು ಕತ್ತರಿಸಿ ಉಳಿದ ಪ್ಲಾಸ್ಟಿಕ್ ಚೌಕಟ್ಟಿನ ತುಂಡಿನ ಮೇಲೆ ಪರೀಕ್ಷಿಸಿ ನೋಡಿ. ಅಸಿಟೋನ್ ಅಥವಾ ಲ್ಯಾಕರ್ ತಿನ್ನರಿನಲ್ಲಿ ಮುಳುಗಿಸಿದರೆ ಬಣ್ಣದ ಜೊತೆಗೆ ಪ್ಲಾಸ್ಟಿಕ್ಕೂ ಕರಗುತ್ತದೆ. ಡೀಕಾಲ್‌ಗಳು ಹೇಗೂ ಉಳಿಯುವುದಿಲ್ಲವಾದ್ದರಿಂದ, ಹೊಸ ಹಾಳೆ ಕೈಗೆ ಬಂದ ಮೇಲೆ ಈ ಕೆಲಸಕ್ಕೆ ಕೈಹಾಕುವುದು ಒಳ್ಳೆಯದು.