ಓದುಗರ ಪ್ರಶ್ನೆ: ಸೋರುವ ಟಾಂಕಿಗೆ ಎಂ-ಸೀಲ್ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ತಾರಸಿ ಮೇಲಿನ 1000 ಲೀಟರಿನ ಕಪ್ಪು ಟಾಂಕಿ ಬುಡದಿಂದ ಒಂದು ಗೇಣು ಮೇಲೆ ಸೀಳಿದೆ. ಬಿರುಕು ನಾಲ್ಕು ಬೆರಳು ಉದ್ದ. ಎರಡು ಸಲ ಎಂ-ಸೀಲ್ ಹಚ್ಚಿದೆವು, ವಾರದೊಳಗೆ ಹಪ್ಪಳದ ಹಾಗೆ ಎದ್ದು ಬಂತು. ಇದಕ್ಕೆ ಸರಿಯಾದ ಅಂಟು ಯಾವುದು?
— ಓದುಗರು, ಕಾರವಾರ

ಉತ್ತರ: ಮಾಮೂಲಿ ಅಂಟು ಯಾವುದೂ ಇಲ್ಲ. ಟಾಂಕಿಯ ಪ್ಲಾಸ್ಟಿಕ್ ಪಾಲಿಥೀನ್. ಮೇಣದ ಜಾತಿಯ ಮೈ ಅದರದ್ದು. ಒಂದು ಹನಿ ನೀರು ಬಿಟ್ಟು ನೋಡಿ, ಹರಡದೆ ಗುಂಡಗೆ ನಿಲ್ಲುತ್ತದೆ. ನೀರೇ ಹರಡದ ಮೈಗೆ ಅಂಟು ಹಿಡಿಯುವುದು ಹೇಗೆ? ಎಂ-ಸೀಲ್, ಅರಾಲ್ಡೈಟ್, ಫೆವಿಕ್ವಿಕ್ ಎಲ್ಲದರ ಪಾಡೂ ಒಂದೇ. ಪಿವಿಸಿ ಪೈಪಿನ ಸೊಲ್ಯೂಷನ್ ಪಿವಿಸಿಯನ್ನು ಕರಗಿಸಿ ಬೆಸೆಯುತ್ತದೆ, ಪಾಲಿಥೀನನ್ನು ಕರಗಿಸುವುದೇ ಇಲ್ಲ. ಇಲ್ಲಿ ನಂಬಬಹುದಾದ ದಾರಿ ಒಂದು: ಅದೇ ಜಾತಿಯ ಪ್ಲಾಸ್ಟಿಕ್ಕನ್ನು ಕಾಯಿಸಿ ಬೆಸುಗೆ ಹಾಕುವುದು.

ಮೊದಲು ಟಾಂಕಿ ಪೂರ್ತಿ ಖಾಲಿಯಾಗಿ ಒಣಗಬೇಕು. ಬಿರುಕಿನೊಳಗೆ ಪಸೆ ಉಳಿದರೆ ಕಾಯಿಸುವಾಗ ಆವಿಯಾಗಿ ಬೆಸುಗೆಯಲ್ಲಿ ಗುಳ್ಳೆ ಬರುತ್ತದೆ, ಮುಂದೆ ಆ ಗುಳ್ಳೆಯಿಂದಲೇ ಒಸರುತ್ತದೆ. ಕರಾವಳಿಯ ಜುಲೈ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು. ಎರಡು ದಿನ ಬಿಸಿಲು ಬಿದ್ದಾಗ ನೋಡಿ.

ಬಿರುಕಿನ ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿ ಒರೆಸಿದರೆ ಅದರ ನಿಜವಾದ ತುದಿ ಗೆರೆಯಾಗಿ ಕಾಣುತ್ತದೆ. ಬರಿಗಣ್ಣಿಗೆ ಕಂಡದ್ದಕ್ಕಿಂತ ಮುಂದೆ ಹೋಗಿರುವುದೇ ಹೆಚ್ಚು. ಎರಡೂ ತುದಿಯಲ್ಲಿ 4 ಮಿ.ಮೀ. ರಂಧ್ರ ಕೊರೆಯಿರಿ. ಇದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ದಂಡ: ಚೂಪು ತುದಿಯಲ್ಲೇ ಎಳೆತ ಒಟ್ಟುಗೂಡಿ ಬಿರುಕು ಬೆಸುಗೆಯನ್ನು ದಾಟಿ ಓಡುತ್ತದೆ. ಆಮೇಲೆ ಬಿರುಕಿನ ಉದ್ದಕ್ಕೂ ಚಾಕುವಿನಿಂದ ಇಳಿಜಾರಾಗಿ ಹೆರೆದು, ಗೋಡೆಯ ಅರ್ಧ ದಪ್ಪದಷ್ಟು ಆಳದ ಕಾಲುವೆ ಮಾಡಿ. ಎರಡೂ ಬದಿ 2 ಸೆಂ.ಮೀ. ಅಗಲಕ್ಕೆ ಮೇಲ್ಪದರ ಕೆರೆದು ತೆಗೆಯಬೇಕು. ಬಿಸಿಲಿಗೆ ಸುಟ್ಟ ಆ ಮಾಸಲು ಪದರ ಬೆಸೆಯುವುದಿಲ್ಲ. ಒಳಗಿನ ಹೊಳಪು ಕಾಣುವವರೆಗೂ ಕೆರೆಯಿರಿ.

ತುಂಬಲು ಬೇಕಾದ ಪ್ಲಾಸ್ಟಿಕ್ ನಿಮ್ಮ ಮನೆಯಲ್ಲೇ ಇರಬಹುದು. ಪ್ಲಂಬರ್ ಟಾಂಕಿಗೆ ತೂತು ಕೊರೆದಾಗ ಬಿದ್ದ ಬಿಲ್ಲೆ ಅದೇ ಜಾತಿಯದು (ಅದನ್ನು ಎತ್ತಿಡುವವರು ಕಡಿಮೆ). ಇಲ್ಲವಾದರೆ ಗುಜರಿಯಲ್ಲಿ ಒಡೆದ ಟಾಂಕಿಯ ಚೂರು ಸಿಗುತ್ತದೆ. 5 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿ. ಚೂರಿನ ಜಾತಿ ಅನುಮಾನವಿದ್ದರೆ ನೀರಿಗೆ ಹಾಕಿ ನೋಡಿ: ಪಿವಿಸಿ ಮುಳುಗುತ್ತದೆ, ಪಾಲಿಥೀನ್ ತೇಲುತ್ತದೆ. ಆದರೆ ತೇಲುವುದೆಲ್ಲ ಪಾಲಿಥೀನ್ ಅಲ್ಲ: ಬಕೆಟ್ಟು, ಕುರ್ಚಿ ಹೆಚ್ಚಾಗಿ ಪಾಲಿಪ್ರೊಪಿಲೀನ್, ಅದು ತೇಲಿದರೂ ಟಾಂಕಿಯ ಜೊತೆ ಬೆರೆಯುವುದಿಲ್ಲ.

ರೇಡಿಯೋ ರಿಪೇರಿಯ 25 ವಾಟಿನ ಸೋಲ್ಡರಿಂಗ್ ಐರನ್ ಸಾಲದು. ಚಪ್ಪಟೆ ಮೂತಿಯ 60 ವಾಟಿನದು ಬೇಕು. ಹಾಟ್ ಏರ್ ಗನ್ ಸಿಕ್ಕರೆ ಇನ್ನೂ ಒಳ್ಳೆಯದು, 250ರಿಂದ 300 ಡಿಗ್ರಿಗೆ ಇಟ್ಟುಕೊಳ್ಳಿ. ಪಾಲಿಥೀನ್ ಕರಗುವುದು 120-130 ಡಿಗ್ರಿಯ ಆಸುಪಾಸಿನಲ್ಲಿ. ಟಾಂಕಿಯ ಮೈ, ಪಟ್ಟಿ ಎರಡೂ ಒದ್ದೆಯಾದಂತೆ ಮಿರುಗಿದ ಮೇಲೆಯೇ ಒತ್ತಬೇಕು. ಪಟ್ಟಿ ಮಾತ್ರ ಕರಗಿ ತಣ್ಣನೆ ಮೈ ಮೇಲೆ ಕೂತರೆ ಉಗುರಲ್ಲಿ ಏಳುತ್ತದೆ. ಹೊಗೆ ಬಂದರೆ ಹೆಚ್ಚು ಕಾದಿದೆ ಎಂದರ್ಥ. ಸುಟ್ಟ ಭಾಗ ಪೆಡಸಾಗಿ ಮತ್ತೆ ಸೀಳುತ್ತದೆ. ಒಂದು ಸಲಕ್ಕೆ 2-3 ಸೆಂ.ಮೀ. ಮಾತ್ರ ಮುಂದುವರಿಯಿರಿ. ಹೊರಗೆ ಮುಗಿದ ಮೇಲೆ ಒಳಗಿನಿಂದಲೂ ಹೀಗೇ ಮಾಡಬೇಕು. ಟಾಂಕಿಯೊಳಗೆ ಇಳಿಯುವುದಾದರೆ ಮುಚ್ಚಳ ತೆರೆದಿರಲಿ, ಹೊರಗೆ ಒಬ್ಬರು ನಿಂತಿರಲಿ, ತಳದಲ್ಲಿ ಒಂದು ಹನಿ ನೀರೂ ಇರದಿರಲಿ. ಕೈಯಲ್ಲಿರುವುದು ಕರೆಂಟಿನ ಸಾಮಾನು.

ತಾನಾಗಿಯೇ ತಣಿಯಲು ಬಿಡಿ, ನೀರು ಸುರಿಯಬೇಡಿ. ಮೊದಲು ಬಿರುಕಿನಿಂದ ನಾಲ್ಕು ಬೆರಳು ಮೇಲಿನವರೆಗೆ ತುಂಬಿ, ಗಂಟೆ ಬಿಟ್ಟು ನೋಡಿ, ಆಮೇಲೆ ಪೂರ್ತಿ ತುಂಬಿ.

ಇಷ್ಟಾದ ಮೇಲೂ ಟಾಂಕಿ ಯಾವುದರ ಮೇಲೆ ಕೂತಿದೆ ನೋಡದೆ ಬಿಡಬೇಡಿ. 1000 ಲೀಟರ್ ನೀರು ಎಂದರೆ ಒಂದು ಟನ್. ನಮ್ಮ ಕಡೆ ನಾಲ್ಕು ಚಿರೇಕಲ್ಲು ಇಟ್ಟು ಅದರ ಮೇಲೆ ಟಾಂಕಿ ಕೂರಿಸುವ ರೂಢಿ ಇದೆ. ಕಲ್ಲಿಲ್ಲದ ಕಡೆ ತಳ ಜೋಲುತ್ತದೆ, ತುಂಬಿದಾಗ ಇಳಿದು ಖಾಲಿಯಾದಾಗ ಏರುತ್ತದೆ, ಬುಡದ ಅಂಚು ದಿನಾ ಮಡಿಸಿ ಬಿಚ್ಚಿದಂತಾಗಿ ಕೊನೆಗೆ ಸೀಳುತ್ತದೆ. ತಳ ಪೂರ್ತಿ ಕೂರುವ, ಟಾಂಕಿಗಿಂತ ಅಗಲವಾದ ಸಮತಟ್ಟು ಕಾಂಕ್ರೀಟ್ ಕಟ್ಟೆ ಬೇಕು. ಸಮುದ್ರದ ಗಾಳಿಗೆ ಕಬ್ಬಿಣದ ಸ್ಟ್ಯಾಂಡು ಮೊದಲು ತುಕ್ಕು ಹಿಡಿಯುವುದು ಬೆಸುಗೆಯ ಗಂಟಿನಲ್ಲಿ. ಒಂದು ಕಾಲು ಕುಸಿದರೂ ಕತೆ ಇದೇ.

ಪ್ರಶ್ನೆ: ಹೊರಪೈಪಿನ ನಿಪ್ಪಲ್ ಬುಡದಲ್ಲಿ ಜಿನುಗುತ್ತದೆ. ಬಿಗಿ ಮಾಡಿದಷ್ಟೂ ಜಾಸ್ತಿಯಾಗುತ್ತಿದೆ. ಮಂಗಗಳ ಕಾಟವೂ ಇದೆ.
— ಓದುಗರು, ಶಿರಸಿ

ಉತ್ತರ: ಬಿಗಿ ಮಾಡುವುದನ್ನು ನಿಲ್ಲಿಸಿ. ರಬ್ಬರ್ ವಾಷರ್ ಗಟ್ಟಿಯಾಗಿದೆ, ಒತ್ತಿದರೆ ಹಿಸುಕಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಮಂಗಗಳದ್ದೂ ಪಾಲಿದೆ: ಪೈಪಿಗೆ ಜೋತು ಬಿದ್ದಾಗ ಅದು ಸನ್ನೆಗೋಲಿನಂತೆ ನಿಪ್ಪಲನ್ನು ಅಲುಗಿಸುತ್ತದೆ. ಟಾಂಕಿ ಖಾಲಿ ಮಾಡಿ ನಿಪ್ಪಲ್ ಕಳಚಿ, ತೂತಿನ ಸುತ್ತಲಿನ ಪಾಚಿ, ಸಿಬಿರು ಕೆರೆದು ತೆಗೆಯಿರಿ. ನಿಪ್ಪಲಿನ ಒಳಬದಿಯ ಅಗಲ ಅಂಚಿಗೂ ಟಾಂಕಿಯ ಗೋಡೆಗೂ ನಡುವೆ 3 ಮಿ.ಮೀ. ಮೆತ್ತನೆ ರಬ್ಬರ್ ವಾಷರ್, ಹೊರಗೆ ನಟ್ಟಿನ ಕೆಳಗೆ ಇನ್ನೊಂದು. ನಟ್ಟನ್ನು ಕೈಯಲ್ಲಿ ಆದಷ್ಟು ತಿರುಗಿಸಿ, ಆಮೇಲೆ ಪಾನದಿಂದ ಕಾಲು ಸುತ್ತು ಸಾಕು. ನಿಪ್ಪಲ್ ಮೈಗೆ ಟೆಫ್ಲಾನ್ ಸುತ್ತುವವರಿದ್ದಾರೆ. ಅದು ಪೈಪು ಕೂಡುವ ಥ್ರೆಡ್ಡಿಗೆ ಮಾತ್ರ, ಗೋಡೆಯ ಸೋರಿಕೆಗೆ ಉಪಯೋಗವಿಲ್ಲ. ತೂತು ಟಾಂಕಿಯ ಬಾಗಿದ ಮೈಯಲ್ಲಿದ್ದರೆ ವಾಷರ್ ಎಂದೂ ಸರಿ ಕೂರದು. ಅದಕ್ಕೆಂದೇ ಬಿಟ್ಟ ಚಪ್ಪಟೆ ಜಾಗದಲ್ಲೇ ಕೊರೆಯಬೇಕು.

ಪೈಪಿಗೆ ಟಾಂಕಿಯಿಂದ ಒಂದಡಿಯೊಳಗೆ ಕ್ಲ್ಯಾಂಪ್ ಹಾಕಿ ಗೋಡೆಗೋ ಕಂಬಕ್ಕೋ ಹಿಡಿಸಿ. 3 ಮೀಟರ್ ಪಿವಿಸಿ ಪೈಪು ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ಸುಮಾರು 4 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ನಡುವೆ ಗೇಣುದ್ದ ಬಾಗುವ ಹೋಸ್ ಕೊಟ್ಟರೆ ಆ ಎಳೆತ ನಿಪ್ಪಲಿಗೆ ತಟ್ಟುವುದಿಲ್ಲ.

ಪ್ರಶ್ನೆ: ಟಾಂಕಿ ಸೋರುತ್ತದೋ, ಮನೆಯೊಳಗಿನ ಪೈಪೋ ತಿಳಿಯುವುದು ಹೇಗೆ?
— ಓದುಗರು, ಕುಮಟಾ

ಉತ್ತರ: ರಾತ್ರಿ ಟಾಂಕಿಯ ಬುಡದ ವಾಲ್ವ್ ಮುಚ್ಚಿ, ಪಂಪ್ ಆಫ್ ಮಾಡಿ, ಕೋಲು ಇಳಿಸಿ ನೀರಿನ ಮಟ್ಟ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಟಾಂಕಿ, ಇಲ್ಲದಿದ್ದರೆ ಪೈಪು ಅಥವಾ ಫ್ಲಶ್. 110 ಸೆಂ.ಮೀ. ಅಡ್ಡಳತೆಯ ಟಾಂಕಿಯಲ್ಲಿ 1 ಸೆಂ.ಮೀ. ಇಳಿತ ಸುಮಾರು 9.5 ಲೀಟರ್. ಇಳಿಯುತ್ತ ಬಂದು ಒಂದು ಕಡೆ ನಿಂತರೆ ಬಿರುಕು ಆ ಮಟ್ಟದಲ್ಲೇ ಇದೆ. ಮಳೆಗಾಲದಲ್ಲಿ ಹೊರಮೈ ಎಲ್ಲ ಕಡೆ ಒಂದೇ ಸಮ ಬೆವರಿದ್ದರೆ ಅದು ಸೋರಿಕೆಯಲ್ಲ, ಬಾವಿಯ ತಣ್ಣೀರಿಗೆ ಗಾಳಿಯ ತೇವ ಕಟ್ಟಿದ್ದು.

ಪ್ರಶ್ನೆ: ಹಳೆ ಟಾಂಕಿಯ ತಳದಲ್ಲಿ ಜೇಡರ ಬಲೆಯಂತೆ ಬಿರುಕು. ಬೆಸುಗೆ ಹಾಕಿಸಲೇ?
— ಓದುಗರು, ಅಂಕೋಲಾ

ಉತ್ತರ: ಬೇಡ. ಪ್ಲಾಸ್ಟಿಕ್ಕೇ ಮುದಿಯಾಗಿದೆ, ಒಂದು ಕಡೆ ಕಾಯಿಸಿದರೆ ಪಕ್ಕದಲ್ಲಿ ಬಿಡುತ್ತದೆ. ಹೊಸದು ಕೊಳ್ಳುವಾಗ ಐಎಸ್ 12701 (ಪಾಲಿಥೀನ್ ನೀರಿನ ಟಾಂಕಿಯ ಭಾರತೀಯ ಮಾನಕ) ಗುರುತು ಟಾಂಕಿಯ ಮೈ ಮೇಲೆ ಇದೆಯೇ ನೋಡಿ. ಹಳೆಯದನ್ನು ಬಿರುಕಿನ ಮೇಲಕ್ಕೆ ಅಡ್ಡ ಕೊಯ್ದರೆ ಮೇಲಿನ ಬಳೆ ಗೊಬ್ಬರದ ಗುಂಡಿಗೆ ಆದೀತು. ಕೊಯ್ದ ಚೂರುಗಳಲ್ಲಿ ಬಿಸಿಲು ತಾಗದ, ಬಾಗಿಸಿದರೆ ಮುರಿಯದ ಒಂದೆರಡನ್ನು ಇಟ್ಟುಕೊಳ್ಳಿ. ಹೊಸ ಟಾಂಕಿಗೆ ಎಂದಾದರೂ ಬೆಸುಗೆಯ ಪಟ್ಟಿ ಬೇಕಾದೀತು.